ವೈದ್ಯರ ಚೀಟಿಯ ಮೇರೆಗೆ ಮಾರಾಟವಾಗುವ ಔಷಧಗಳ ಪ್ರಚಾರ: ನಿಯಮಗಳು ಮತ್ತು ಪಾಲನಾ ಲೋಪಗಳು

1. ಪೀಠಿಕೆ

ಔಷಧ ನಿಯಮಗಳು, 1945ರ ಅನುಸೂಚಿ ಎಚ್, ಎಚ್1 ಮತ್ತು ಎಕ್ಸ್‌ಗಳಿಗೆ ಸೇರಿದ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಚಿಲ್ಲರೆಯಾಗಿ ಮಾರಾಟ ಮಾಡುವಂತಿಲ್ಲ. ಈ ಔಷಧಗಳ ಆಯ್ಕೆಯನ್ನು ಮಾಡುವವರು ವೈದ್ಯರು. ಅವುಗಳ ಬೆಲೆಯನ್ನು ತೆರುವವರು ರೋಗಿಗಳು. ಬೇರೆ ಯಾವುದೇ ಸರಕನ್ನು ಕೊಳ್ಳುವ ಗ್ರಾಹಕನು ಬೆಲೆ ಮತ್ತು ಗುಣಮಟ್ಟವನ್ನು ತಾನೇ ಹೋಲಿಸಿ ನೋಡಬಹುದು. ಚೀಟಿಯಲ್ಲಿ ಬರೆದ ಔಷಧದ ವಿಷಯದಲ್ಲಿ ರೋಗಿಗೆ ಆ ಅವಕಾಶವಿರುವುದಿಲ್ಲ. ಆದುದರಿಂದ ಔಷಧ ತಯಾರಿಕಾ ಕಂಪನಿಗಳು ತಮ್ಮ ಪ್ರಚಾರವನ್ನು ಮುಖ್ಯವಾಗಿ ವೈದ್ಯರತ್ತ ಕೇಂದ್ರೀಕರಿಸುತ್ತವೆ.

ಇಂತಹ ಪ್ರಚಾರವು ಸ್ವತಃ ಕಾನೂನುಬಾಹಿರವಲ್ಲ. ಹೊಸ ಔಷಧದ ಗುಣ, ಪ್ರಮಾಣ, ಅಡ್ಡ ಪರಿಣಾಮ ಮತ್ತು ಬೆಲೆಯ ಬಗ್ಗೆ ವೈದ್ಯರಿಗೆ ಮಾಹಿತಿ ತಲುಪುವುದು ಅಗತ್ಯವೂ ಹೌದು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಕಾಯ್ದೆ, 1954 ಸಹ ನಿರ್ದಿಷ್ಟ ರೋಗಗಳ ಚಿಕಿತ್ಸೆಯ ಬಗ್ಗೆ ಸಾರ್ವಜನಿಕ ಜಾಹೀರಾತನ್ನು ನಿಷೇಧಿಸಿದ್ದರೂ, ನೋಂದಾಯಿತ ವೈದ್ಯರಿಗೆ ಮಾತ್ರ ಗೋಪ್ಯವಾಗಿ ಕಳುಹಿಸುವ ಮಾಹಿತಿಗೆ ಕಲಂ 14ರಲ್ಲಿ ವಿನಾಯಿತಿ ನೀಡಿದೆ. ಮಾಹಿತಿಯ ಜೊತೆಯಲ್ಲಿ ಪ್ರಲೋಭನೆಯು ಸೇರಿದಾಗ, ಅಥವಾ ಮಾಹಿತಿಯೇ ಅಪೂರ್ಣ ಇಲ್ಲವೇ ತಪ್ಪು ಆಗಿದ್ದಾಗ ಪಾಲನಾ ಲೋಪ ಉಂಟಾಗುತ್ತದೆ. ಸದರಿ ಲೋಪಗಳ ಸ್ವರೂಪ, ಅನ್ವಯವಾಗುವ ನಿಯಮಗಳು, ದಂಡನೆ ಮತ್ತು ದೂರು ಸಲ್ಲಿಸುವ ಕ್ರಮವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

2. ನಿಯಮಗಳು ಬೆಳೆದು ಬಂದ ಕ್ರಮ

ವಿಶ್ವ ಆರೋಗ್ಯ ಸಂಸ್ಥೆಯು 1988ರಲ್ಲಿ ಔಷಧ ಪ್ರಚಾರಕ್ಕೆ ಸಂಬಂಧಿಸಿದ ನೈತಿಕ ಮಾನದಂಡಗಳನ್ನು ಪ್ರಕಟಿಸಿತು. ಪ್ರಚಾರದ ಹೇಳಿಕೆಗಳು ನಂಬಲರ್ಹವೂ ನಿಖರವೂ ಸಮತೋಲಿತವೂ ಆಗಿರಬೇಕೆಂಬುದು ಅವುಗಳ ಮೂಲ ತತ್ವ. ಭಾರತದಲ್ಲಿ ಈ ವಿಷಯವು ಎರಡು ಪ್ರತ್ಯೇಕ ದಾರಿಗಳಲ್ಲಿ ಬೆಳೆಯಿತು. ಒಂದು, ಪಡೆಯುವವರಾದ ವೈದ್ಯರಿಗೆ ಅನ್ವಯಿಸುವ ನಿಯಮ. ಇನ್ನೊಂದು, ಕೊಡುವವರಾದ ಕಂಪನಿಗಳಿಗೆ ಅನ್ವಯಿಸುವ ಸಂಹಿತೆ.

(ಅ) ವೈದ್ಯರಿಗೆ ಸಂಬಂಧಿಸಿದಂತೆ:

ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಡತೆ, ಶಿಷ್ಟಾಚಾರ ಮತ್ತು ನೀತಿಗೆ ಸಂಬಂಧಿಸಿದ 2002ರ ವಿನಿಯಮಗಳಿಗೆ 2009ರ ಡಿಸೆಂಬರ್‌ನಲ್ಲಿ ತಿದ್ದುಪಡಿ ತಂದು, ವಿನಿಯಮ 6.8ನ್ನು ಸೇರಿಸಲಾಯಿತು. ಇದರನ್ವಯ ವೈದ್ಯರು ಔಷಧ ಕಂಪನಿಗಳಿಂದ ಉಡುಗೊರೆ, ಪ್ರಯಾಣ ಸೌಲಭ್ಯ, ಆತಿಥ್ಯ, ನಗದು ಅಥವಾ ಹಣಕಾಸಿನ ನೆರವು ಪಡೆಯುವುದನ್ನು ನಿಷೇಧಿಸಲಾಗಿದೆ. 2016ರ ಫೆಬ್ರವರಿಯಲ್ಲಿ ಮತ್ತೊಂದು ತಿದ್ದುಪಡಿಯ ಮೂಲಕ ಉಡುಗೊರೆಯ ಮೌಲ್ಯಕ್ಕೆ ಅನುಗುಣವಾಗಿ ದಂಡನೆಯನ್ನು ಈ ಕೆಳಕಂಡಂತೆ ನಿಗದಿಪಡಿಸಲಾಯಿತು:

- ರೂ. 1,000/-ಕ್ಕಿಂತ ಹೆಚ್ಚು, ರೂ. 5,000/-ದವರೆಗೆ: ಛೀಮಾರಿ
- ರೂ. 5,000/-ಕ್ಕಿಂತ ಹೆಚ್ಚು, ರೂ. 10,000/-ದವರೆಗೆ: ವೈದ್ಯರ ನೋಂದಣಿ ಪಟ್ಟಿಯಿಂದ 3 ತಿಂಗಳ ಕಾಲ ಹೆಸರು ತೆಗೆಯುವುದು
- ರೂ. 10,000/-ಕ್ಕಿಂತ ಹೆಚ್ಚು, ರೂ. 50,000/-ದವರೆಗೆ: 6 ತಿಂಗಳು
- ರೂ. 50,000/-ಕ್ಕಿಂತ ಹೆಚ್ಚು, ರೂ. 1,00,000/-ದವರೆಗೆ: 1 ವರ್ಷ
- ರೂ. 1,00,000/-ಕ್ಕಿಂತ ಹೆಚ್ಚು: 1 ವರ್ಷಕ್ಕೂ ಮೀರಿದ ಅವಧಿ

ಉದಾಹರಣೆಗೆ, ರೂ. 45,000/- ಬೆಲೆಯ ಲ್ಯಾಪ್‌ಟಾಪ್ ಒಂದನ್ನು ಸ್ವೀಕರಿಸಿದ್ದು ವಿಚಾರಣೆಯಲ್ಲಿ ಸಾಬೀತಾದಲ್ಲಿ ಸಂಬಂಧಪಟ್ಟ ವೈದ್ಯರು 6 ತಿಂಗಳ ಕಾಲ ವೃತ್ತಿ ನಡೆಸುವ ಹಕ್ಕನ್ನು ಕಳೆದುಕೊಳ್ಳಬೇಕಾಗುತ್ತದೆ.

ಇದೇ 2016ರ ತಿದ್ದುಪಡಿಯಲ್ಲಿ, 2009ರಲ್ಲಿ ವೈದ್ಯರ ಜೊತೆಗೆ ಸೇರಿಸಿದ್ದ 'ವೈದ್ಯರ ವೃತ್ತಿಪರ ಸಂಘಗಳು' ಎಂಬ ಪದಗಳನ್ನು ಕೈಬಿಡಲಾಯಿತು. ಇದರ ಪರಿಣಾಮವಾಗಿ ವೈದ್ಯರು ವೈಯಕ್ತಿಕವಾಗಿ ಪಡೆಯುವಂತಿಲ್ಲದ ನೆರವು ಸಂಘದ ಹೆಸರಿನಲ್ಲಿ ಬಂದಾಗ ವಿನಿಯಮದ ವ್ಯಾಪ್ತಿಯಿಂದ ಹೊರಗುಳಿಯುವ ಸಂದರ್ಭ ಉಂಟಾಯಿತು.

2020ರ ಸೆಪ್ಟೆಂಬರ್‌ನಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತಿನ ಸ್ಥಾನದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಅಸ್ತಿತ್ವಕ್ಕೆ ಬಂದಿತು. ಆಯೋಗವು 02-08-2023ರಂದು ಹೊಸ ವೃತ್ತಿ ನಡತೆ ವಿನಿಯಮಗಳನ್ನು ಹೊರಡಿಸಿ, 23-08-2023ರಂದು ಅವುಗಳನ್ನು ತಡೆಹಿಡಿದು, 2002ರ ವಿನಿಯಮಗಳನ್ನೇ ಮುಂದುವರಿಸಿತು.

(ಆ) ಕಂಪನಿಗಳಿಗೆ ಸಂಬಂಧಿಸಿದಂತೆ:

ಕೇಂದ್ರ ರಾಸಾಯನಿಕ ಮತ್ತು ರಸಗೊಬ್ಬರ ಸಚಿವಾಲಯದ ಅಧೀನದಲ್ಲಿರುವ ಔಷಧ ಇಲಾಖೆಯು 01-01-2015ರಿಂದ ಏಕರೂಪ ಔಷಧ ಮಾರುಕಟ್ಟೆ ಪದ್ಧತಿ ಸಂಹಿತೆಯನ್ನು ಜಾರಿಗೆ ತಂದಿತು. ಇದರ ಪಾಲನೆಯನ್ನು ಕಂಪನಿಗಳ ಇಚ್ಛೆಗೆ ಬಿಡಲಾಗಿತ್ತು. ಇದಕ್ಕೆ ಶಾಸನದ ಬಲ ನೀಡಬೇಕೆಂದು ಕೋರಿ ವೈದ್ಯಕೀಯ ಪ್ರತಿನಿಧಿಗಳ ಅಖಿಲ ಭಾರತ ಒಕ್ಕೂಟವೇ ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಿತು. ಸದರಿ ಅರ್ಜಿಯಲ್ಲಿ 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರಕ್ಕೆ ನೋಟಿಸ್ ಹೊರಡಿಸಲಾಯಿತು. ಪ್ರಚಾರದ ಕೆಲಸವನ್ನು ನಿತ್ಯವೂ ಮಾಡುವ ನೌಕರರೇ ಅದರ ನಿಯಂತ್ರಣಕ್ಕಾಗಿ ನ್ಯಾಯಾಲಯದ ಮೊರೆ ಹೋದದ್ದು ಗಮನಿಸತಕ್ಕ ಸಂಗತಿ. ತರುವಾಯ 12-03-2024ರಂದು ಪರಿಷ್ಕೃತ ಸಂಹಿತೆಯನ್ನು ಹೊರಡಿಸಲಾಯಿತು.

3. 2024ರ ಸಂಹಿತೆಯ ಮುಖ್ಯಾಂಶಗಳು ಮತ್ತು ಸಂಭವಿಸುವ ಲೋಪಗಳು

(ಅ) ಔಷಧದ ಬಗೆಗಿನ ಹೇಳಿಕೆ: ಔಷಧಕ್ಕೆ ಮಾರಾಟದ ಅನುಮೋದನೆ ದೊರೆಯುವ ಮೊದಲು ಅದರ ಪ್ರಚಾರ ಮಾಡುವಂತಿಲ್ಲ, ಅನುಮೋದಿತ ಉಪಯೋಗವನ್ನು ಮೀರಿಯೂ ಪ್ರಚಾರ ಮಾಡುವಂತಿಲ್ಲ. 'ಸುರಕ್ಷಿತ' ಎಂಬ ಪದವನ್ನು ಸೂಕ್ತ ವಿವರಣೆ ಇಲ್ಲದೆ ಬಳಸುವಂತಿಲ್ಲ. ಭಾರತದಲ್ಲಿ 1 ವರ್ಷಕ್ಕಿಂತ ಹೆಚ್ಚು ಕಾಲದಿಂದ ದೊರೆಯುತ್ತಿರುವ ಔಷಧವನ್ನು 'ಹೊಸ' ಔಷಧವೆಂದು ಹೇಳುವಂತಿಲ್ಲ. ಅಡ್ಡ ಪರಿಣಾಮಗಳೇ ಇಲ್ಲವೆಂದು ಹೇಳುವುದೂ ನಿಷಿದ್ಧ. ಮುದ್ರಿತ ಕರಪತ್ರದಲ್ಲಿ ನಿಯಮ ಪಾಲಿಸಿ, ಮೌಖಿಕ ಸಂಭಾಷಣೆಯಲ್ಲಿ ಅನುಮೋದನೆ ಇಲ್ಲದ ಉಪಯೋಗವನ್ನು ಸೂಚಿಸುವುದು ಈ ವರ್ಗದ ಲೋಪಗಳಲ್ಲಿ ಪತ್ತೆ ಹಚ್ಚಲು ಅತ್ಯಂತ ಕಷ್ಟಕರವಾದುದು. ಅದಕ್ಕೆ ಕಡತವಿರುವುದಿಲ್ಲ.

(ಆ) ಉಡುಗೊರೆ: ವೈದ್ಯರ ಅಥವಾ ಅವರ ಕುಟುಂಬದವರ ವೈಯಕ್ತಿಕ ಲಾಭಕ್ಕಾಗಿ ಯಾವುದೇ ಉಡುಗೊರೆ ನೀಡುವಂತಿಲ್ಲ. ಪುಸ್ತಕ, ದಿನಚರಿ, ಕ್ಯಾಲೆಂಡರ್, ಚಿಕಿತ್ಸಾ ಮಾರ್ಗಸೂಚಿ ಮೊದಲಾದ ಮಾಹಿತಿ ಹಾಗೂ ಶೈಕ್ಷಣಿಕ ವಸ್ತುಗಳನ್ನು ಪ್ರತಿ ವಸ್ತುವಿಗೆ ರೂ. 1,000/- ಮೀರದಂತೆ ನೀಡಬಹುದಾಗಿದೆ. ಮಿತಿಯು ಪ್ರತಿ ವಸ್ತುವಿಗೆ ಅನ್ವಯಿಸುವುದರಿಂದ, ಒಂದೇ ಉಡುಗೊರೆಯನ್ನು ಹಲವು ಬಿಲ್ಲುಗಳಾಗಿ ಒಡೆದು ತೋರಿಸುವ ಅಪಾಯವಿರುತ್ತದೆ.

(ಇ) ಉಚಿತ ಮಾದರಿಗಳು: ಔಷಧ ನಿಯಮಗಳ ಪ್ರಕಾರ ಉಚಿತ ಮಾದರಿಯ ಮೇಲೆ ಅದು ವೈದ್ಯರ ಮಾದರಿ ಎಂದೂ ಮಾರಾಟಕ್ಕಲ್ಲ ಎಂದೂ ಮುದ್ರಿಸುವುದು ಕಡ್ಡಾಯ. ಸಂಹಿತೆಯ ಪ್ರಕಾರ ಒಬ್ಬ ವೈದ್ಯರಿಗೆ ಒಂದು ಔಷಧದ 12 ಮಾದರಿ ಪೊಟ್ಟಣಗಳಿಗಿಂತ ಹೆಚ್ಚು ಒಂದು ವರ್ಷದಲ್ಲಿ ನೀಡುವಂತಿಲ್ಲ. ಪ್ರತಿ ಪೊಟ್ಟಣವು 3 ರೋಗಿಗಳ ಚಿಕಿತ್ಸೆಗೆ ಬೇಕಾಗುವ ಪ್ರಮಾಣವನ್ನು ಮೀರಬಾರದು. ಕಂಪನಿಯು ವರ್ಷದಲ್ಲಿ ವಿತರಿಸುವ ಮಾದರಿಗಳ ಒಟ್ಟು ಮೌಲ್ಯವು ಅದರ ದೇಶೀಯ ಮಾರಾಟದ ಶೇ. 2ನ್ನು ಮೀರತಕ್ಕದ್ದಲ್ಲ. ನಿದ್ರಾಜನಕ ಹಾಗೂ ಶಾಮಕ ಔಷಧಗಳ ಮಾದರಿಗಳನ್ನು ನೀಡುವಂತಿಲ್ಲ. ಯಾರಿಗೆ, ಯಾವ ದಿನ, ಎಷ್ಟು ನೀಡಲಾಯಿತು ಎಂಬ ದಾಖಲೆಯನ್ನು ಇಡಬೇಕು. ಮಾದರಿಗಳು ಔಷಧ ಅಂಗಡಿಯ ಮೂಲಕ ಹಣಕ್ಕೆ ಮಾರಾಟವಾದಲ್ಲಿ ಅದು ಸಂಹಿತೆಯ ಉಲ್ಲಂಘನೆಯಷ್ಟೇ ಅಲ್ಲದೆ ಔಷಧ ಕಾನೂನಿನ ಉಲ್ಲಂಘನೆಯೂ ಆಗುತ್ತದೆ.

(ಈ) ಪ್ರಯಾಣ ಮತ್ತು ಆತಿಥ್ಯ: ವೈದ್ಯರಿಗೆ ಹಾಗೂ ಅವರ ಕುಟುಂಬದವರಿಗೆ ದೇಶದ ಒಳಗೆ ಅಥವಾ ಹೊರಗೆ ರೈಲು, ವಿಮಾನ ಇಲ್ಲವೇ ಹಡಗಿನ ಪ್ರಯಾಣ, ಹೋಟೆಲ್ ವಾಸ್ತವ್ಯ, ದುಬಾರಿ ಭೋಜನ ಮುಂತಾದವುಗಳನ್ನು ಒದಗಿಸುವಂತಿಲ್ಲ. ನಿರಂತರ ವೈದ್ಯಕೀಯ ಶಿಕ್ಷಣ ಕಾರ್ಯಕ್ರಮದಲ್ಲಿ ಉಪನ್ಯಾಸಕರಾಗಿ ಭಾಗವಹಿಸುವವರಿಗೆ ಮಾತ್ರ ವಿನಾಯಿತಿ ಇದೆ. ಅಂತಹ ಕಾರ್ಯಕ್ರಮಗಳನ್ನು ವಿದೇಶದಲ್ಲಿ ನಡೆಸುವುದನ್ನು ನಿಷೇಧಿಸಲಾಗಿದೆ. ಕೇಳುಗರಾಗಿ ಬಂದವರನ್ನು ಉಪನ್ಯಾಸಕರ ಪಟ್ಟಿಗೆ ಸೇರಿಸಿದಲ್ಲಿ ಈ ವಿನಾಯಿತಿಯು ದುರುಪಯೋಗವಾಗುತ್ತದೆ.

(ಉ) ಸಲಹಾ ಶುಲ್ಕ ಮತ್ತು ಸಂಶೋಧನೆ: ವೈದ್ಯರನ್ನು ಸಲಹೆಗಾರರನ್ನಾಗಿ ನೇಮಿಸಿಕೊಳ್ಳುವಾಗ ವಾಸ್ತವಿಕ ಸೇವೆ, ಲಿಖಿತ ಒಪ್ಪಂದ ಮತ್ತು ಶುಲ್ಕ ಇರಬೇಕು. ಸಂಶೋಧನೆಗೆ ಸಕ್ಷಮ ಪ್ರಾಧಿಕಾರದ ಅನುಮೋದನೆ ಇರಬೇಕು. ಯಾವುದೇ ಫಲಿತಾಂಶ ಪ್ರಕಟವಾಗದ, ಕೇವಲ ಚೀಟಿಗಳ ಸಂಖ್ಯೆಯನ್ನು ಎಣಿಸುವ 'ಸಮೀಕ್ಷೆ'ಗಳಿಗೆ ಹಣ ಪಾವತಿಸುವುದು ಈ ವರ್ಗದ ಲೋಪವಾಗಿರುತ್ತದೆ.

4. ಲೆಕ್ಕಪತ್ರಗಳಲ್ಲಿ ಕಂಡುಬಂದ ಒಂದು ಪ್ರಕರಣ

ಮೇಲೆ ವಿವರಿಸಿದ ಲೋಪಗಳಲ್ಲಿ ಒಂದು ಸಾಮಾನ್ಯ ಅಂಶವಿದೆ. ವೆಚ್ಚವು ನಡೆದಿರುತ್ತದೆ, ಆದರೆ ಅದರ ಶೀರ್ಷಿಕೆ ಬೇರೆಯಾಗಿರುತ್ತದೆ. ಉಡುಗೊರೆಯು ಮಾರಾಟ ಪ್ರವರ್ಧನೆ ಎಂದೂ, ಪ್ರವಾಸವು ವಿಚಾರ ಸಂಕಿರಣ ಎಂದೂ, ಪ್ರತಿಫಲವು ಗೌರವಧನ ಎಂದೂ ಪುಸ್ತಕದಲ್ಲಿ ನಮೂದಾಗುತ್ತವೆ. ಆದುದರಿಂದ ಈ ವಿಷಯದ ಪ್ರಮುಖ ತೀರ್ಪು ವೈದ್ಯಕೀಯ ನೀತಿಯ ವಿಚಾರಣೆಯಿಂದಲ್ಲದೆ, ಆದಾಯ ತೆರಿಗೆಯ ಪ್ರಕರಣದಿಂದ ಹೊರಬಂದಿದೆ.

ಕೇಂದ್ರ ನೇರ ತೆರಿಗೆ ಮಂಡಳಿಯು 01-08-2012ರ ಸುತ್ತೋಲೆ ಸಂಖ್ಯೆ 5ರಲ್ಲಿ, ವೈದ್ಯರಿಗೆ ನೀಡುವ ನಿಷೇಧಿತ ಸೌಲಭ್ಯಗಳ ವೆಚ್ಚವನ್ನು 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 37(1)ರ ಅಡಿಯಲ್ಲಿ ವ್ಯಾಪಾರ ವೆಚ್ಚವೆಂದು ಕಳೆಯಲು ಬರುವುದಿಲ್ಲವೆಂದು ಸ್ಪಷ್ಟಪಡಿಸಿತು. ಅಪೆಕ್ಸ್ ಲ್ಯಾಬೊರೇಟರೀಸ್ ಕಂಪನಿಯು 2010-11ರ ತೆರಿಗೆ ನಿರ್ಧರಣಾ ವರ್ಷಕ್ಕೆ ಸಂಬಂಧಿಸಿದಂತೆ ಸುಮಾರು ರೂ. 4.72 ಕೋಟಿ ವೆಚ್ಚಕ್ಕೆ ಕಡಿತ ಕೋರಿತ್ತು. ಝಿಂಕೋವಿಟ್ ಎಂಬ ಪೂರಕ ಪೌಷ್ಟಿಕದ ಬಗ್ಗೆ ಅರಿವು ಮೂಡಿಸಲು ವೈದ್ಯರಿಗೆ ನೀಡಿದ ಆತಿಥ್ಯ, ಸಮ್ಮೇಳನ ಶುಲ್ಕ, ಚಿನ್ನದ ನಾಣ್ಯ, ಟಿ.ವಿ., ರೆಫ್ರಿಜರೇಟರ್, ಲ್ಯಾಪ್‌ಟಾಪ್ ಮುಂತಾದವು ಈ ವೆಚ್ಚದಲ್ಲಿ ಸೇರಿದ್ದವು. ವೈದ್ಯಕೀಯ ಪರಿಷತ್ತಿನ ವಿನಿಯಮಗಳು ವೈದ್ಯರಿಗೆ ಮಾತ್ರ ಅನ್ವಯಿಸುತ್ತವೆ, ಕಂಪನಿಗಳಿಗಲ್ಲ ಎಂಬುದು ಕಂಪನಿಯ ವಾದವಾಗಿತ್ತು.

22-02-2022ರಂದು ನ್ಯಾಯಮೂರ್ತಿ ಯು.ಯು. ಲಲಿತ್ ಮತ್ತು ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠವು ಈ ವಾದವನ್ನು ತಳ್ಳಿಹಾಕಿತು. ಪಡೆಯುವುದು ನಿಷಿದ್ಧವಾಗಿರುವಾಗ ಕೊಡುವುದು ಮಾತ್ರ ನಿರ್ದೋಷವಾಗಲಾರದು ಎಂಬುದು ತೀರ್ಪಿನ ತಿರುಳು. ಔಷಧವು ದುಬಾರಿಯಾಗಿದ್ದರೂ ವೈದ್ಯರ ಚೀಟಿಯನ್ನೇ ರೋಗಿಯು ಅಂತಿಮವೆಂದು ನಂಬುತ್ತಾನೆ, ಉಡುಗೊರೆಗಳ ವೆಚ್ಚವು ಔಷಧದ ಬೆಲೆಯೊಳಗೆ ಸೇರಿ ಮತ್ತೆ ಅವನ ಮೇಲೆಯೇ ಬೀಳುತ್ತದೆ ಎಂಬುದನ್ನೂ ನ್ಯಾಯಾಲಯವು ಗಮನಿಸಿತು.

ಇದೇ ಅವಧಿಯಲ್ಲಿ ಹಣಕಾಸು ಕಾಯ್ದೆ, 2022ರ ಮೂಲಕ ಕಲಂ 37(1)ಕ್ಕೆ ವಿವರಣೆಯೊಂದನ್ನು ಸೇರಿಸಿ, ಪಡೆಯುವವರ ನಡತೆ ನಿಯಮಕ್ಕೆ ವಿರುದ್ಧವಾಗಿ ಒದಗಿಸಿದ ಸೌಲಭ್ಯದ ವೆಚ್ಚಕ್ಕೆ ಕಡಿತವಿಲ್ಲವೆಂದು ಶಾಸನದಲ್ಲಿಯೇ ನಮೂದಿಸಲಾಯಿತು. 01-07-2022ರಿಂದ ಜಾರಿಗೆ ಬಂದ ಕಲಂ 194ಆರ್ ಪ್ರಕಾರ, ವೃತ್ತಿಯ ನಿಮಿತ್ತ ವರ್ಷಕ್ಕೆ ರೂ. 20,000/- ಮೀರಿದ ಸೌಲಭ್ಯ ಒದಗಿಸುವವರು ಶೇ. 10ರಷ್ಟು ತೆರಿಗೆಯನ್ನು ಮೂಲದಲ್ಲಿಯೇ ಕಡಿತ ಮಾಡಬೇಕಾಯಿತು. ವೈದ್ಯರಿಗೆ ನೀಡುವ ಉಚಿತ ಮಾದರಿಗಳನ್ನೂ ಮಂಡಳಿಯು ಉದಾಹರಣೆಯಾಗಿ ಹೆಸರಿಸಿತು. ಹೀಗೆ, ನೀತಿ ಸಂಹಿತೆಯ ಕಣ್ಣಿಗೆ ಬೀಳದ ಸೌಲಭ್ಯಗಳು ತೆರಿಗೆಯ ದಾಖಲೆಯಲ್ಲಿ ಕಾಣಿಸಿಕೊಳ್ಳುವ ಅವಕಾಶ ಒದಗಿತು.

5. ಸಂಹಿತೆಯ ಅಡಿಯಲ್ಲಿ ಕ್ರಮ ಜರುಗಿಸಿದ ಪ್ರಕರಣ

ಔಷಧ ಇಲಾಖೆಯ ಅಪೆಕ್ಸ್ ಸಮಿತಿಯು 2024ರ ಡಿಸೆಂಬರ್‌ನಲ್ಲಿ ಆಬ್‌ವೀ ಹೆಲ್ತ್‌ಕೇರ್ ಇಂಡಿಯಾ ಕಂಪನಿಯ ವಿರುದ್ಧ ಆದೇಶ ಹೊರಡಿಸಿತು. 30 ಮಂದಿ ವೈದ್ಯರಿಗೆ ಮೊನಾಕೊ ಮತ್ತು ಪ್ಯಾರಿಸ್‌ಗಳಲ್ಲಿ ನಡೆದ ಸಮ್ಮೇಳನಗಳಿಗಾಗಿ ಪ್ರಯಾಣ ಹಾಗೂ ಹೋಟೆಲ್ ವೆಚ್ಚವಾಗಿ ಸುಮಾರು ರೂ. 1.91 ಕೋಟಿ ಭರಿಸಿದ್ದು ಸಂಹಿತೆಯ ಉಲ್ಲಂಘನೆಯೆಂದು ಸಮಿತಿಯು ತೀರ್ಮಾನಿಸಿತು. ಕಂಪನಿಗೆ ವಾಗ್ದಂಡನೆ ವಿಧಿಸಲಾಯಿತು. ತೆರಿಗೆಯ ಅಂಶವನ್ನು ಪರಿಶೀಲಿಸಲು ಕೇಂದ್ರ ನೇರ ತೆರಿಗೆ ಮಂಡಳಿಗೂ, ವೈದ್ಯರ ಮೇಲೆ ಕ್ರಮ ಕೈಗೊಳ್ಳಲು ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೂ ತಿಳಿಸಲಾಯಿತು.

ಸದರಿ ಪ್ರಕರಣವು ಸಂಹಿತೆಯ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ. ವೆಚ್ಚದ ವಿವರವನ್ನು ಹೊರಗೆಳೆದು, ಮೂರು ಪ್ರಾಧಿಕಾರಗಳನ್ನು ಒಂದೇ ಕಡತದಲ್ಲಿ ಜೋಡಿಸಲು ಸಾಧ್ಯವಾಯಿತು. ಆದರೆ ರೂ. 1.91 ಕೋಟಿಯ ಉಲ್ಲಂಘನೆಗೆ ಸಂಹಿತೆಯ ಅಡಿಯಲ್ಲಿ ಕಂಪನಿಗೆ ದೊರೆತ ದಂಡನೆಯು ವಾಗ್ದಂಡನೆ ಮಾತ್ರವಾಗಿತ್ತು.

6. ರೋಗಿಯ ಮೇಲಾಗುವ ಪರಿಣಾಮ

ಈ ಲೋಪಗಳು ಕೇವಲ ಕಾಗದಪತ್ರದ ವಿಷಯವಲ್ಲ. ದೀರ್ಘಕಾಲದ ಕಾಯಿಲೆಯ ರೋಗಿಯೊಬ್ಬನು ದಿನಕ್ಕೆ 1 ಮಾತ್ರೆ ಸೇವಿಸುವನೆಂದೂ, ಅದೇ ಗುಣದ ಅಗ್ಗದ ಮಾತ್ರೆಗಿಂತ ಅದರ ಬೆಲೆ ರೂ. 6/- ಹೆಚ್ಚೆಂದೂ ಭಾವಿಸಿದಲ್ಲಿ, ವರ್ಷಕ್ಕೆ ಅವನ ಮೇಲೆ ಬೀಳುವ ಹೆಚ್ಚುವರಿ ಹೊರೆ ರೂ. 2,190/- ಆಗುತ್ತದೆ. ಆ ಮೊತ್ತದ ಒಂದು ಭಾಗ ಯಾರ ಪ್ರವಾಸಕ್ಕೆ ಸಂದಿತೆಂಬುದು ಅವನಿಗೆ ಎಂದಿಗೂ ತಿಳಿಯುವುದಿಲ್ಲ.

ಸಣ್ಣ ಸತ್ಕಾರದಿಂದ ವೈದ್ಯರ ತೀರ್ಮಾನ ಬದಲಾಗದು ಎಂಬ ವಾದ ಆಗಾಗ್ಗೆ ಕೇಳಿಬರುತ್ತದೆ. 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಸುಮಾರು 2.8 ಲಕ್ಷ ವೈದ್ಯರ ದಾಖಲೆಗಳನ್ನು ಆಧರಿಸಿದ ಅಧ್ಯಯನವು, ಕಂಪನಿಯಿಂದ ಒಂದೇ ಒಂದು ಊಟ ಪಡೆದ ವೈದ್ಯರಲ್ಲಿಯೂ ಆ ಕಂಪನಿಯ ಔಷಧವನ್ನು ಬರೆಯುವ ಪ್ರಮಾಣ ಹೆಚ್ಚಾಗಿದ್ದುದನ್ನು ತೋರಿಸಿತು. ಊಟವೇ ಕಾರಣವೆಂದು ಇದು ಸಾಬೀತುಪಡಿಸದಿದ್ದರೂ, ಸತ್ಕಾರ ಮತ್ತು ಚೀಟಿಯ ನಡುವೆ ಸಂಬಂಧವಿರುವುದನ್ನು ಸೂಚಿಸುತ್ತದೆ. ಕಂಪನಿಗಳು ವೈದ್ಯರಿಗೆ ನೀಡಿದ ಪಾವತಿಗಳನ್ನು 2010ರ ಕಾಯ್ದೆಯ ಅನ್ವಯ ಆ ದೇಶದಲ್ಲಿ ಸಾರ್ವಜನಿಕವಾಗಿ ಪ್ರಕಟಿಸಲಾಗುತ್ತಿರುವುದರಿಂದಲೇ ಇಂತಹ ಅಧ್ಯಯನ ಸಾಧ್ಯವಾಯಿತು.

ತಪ್ಪು ಮಾಹಿತಿಯ ಪರಿಣಾಮವು ಹಣದ ನಷ್ಟಕ್ಕಿಂತ ಗಂಭೀರ. ಇದಕ್ಕೆ ಅಮೆರಿಕದ ಎರಡು ನಿದರ್ಶನಗಳಿವೆ. ರೋಫೆಕಾಕ್ಸಿಬ್ ಎಂಬ ನೋವು ನಿವಾರಕದ ಹೃದಯ ಸಂಬಂಧಿ ಅಪಾಯವನ್ನು ಪ್ರಚಾರದಲ್ಲಿ ಕಡಿಮೆ ಮಾಡಿ ತೋರಿಸಲಾಗಿದೆ ಎಂದು ಅಲ್ಲಿನ ಔಷಧ ಆಡಳಿತವು 2001ರ ಸೆಪ್ಟೆಂಬರ್‌ನಲ್ಲಿ ತಯಾರಕರಾದ ಮರ್ಕ್ ಕಂಪನಿಗೆ ಎಚ್ಚರಿಕೆ ನೀಡಿತ್ತು. ಔಷಧವು ಮಾರುಕಟ್ಟೆಯಿಂದ ಹಿಂಪಡೆಯಲ್ಪಟ್ಟದ್ದು 30-09-2004ರಂದು. ಭಾರತದಲ್ಲಿ ಅದೇ ವರ್ಷದ ಡಿಸೆಂಬರ್‌ನಲ್ಲಿ ಅದನ್ನು ನಿಷೇಧಿಸಲಾಯಿತು. ಎರಡನೆಯದಾಗಿ, ಆಕ್ಸಿಕಾಂಟಿನ್ ಎಂಬ ಪ್ರಬಲ ನೋವು ನಿವಾರಕವು ಇತರ ಔಷಧಗಳಿಗಿಂತ ಕಡಿಮೆ ಚಟ ಹಿಡಿಸುತ್ತದೆ ಎಂದು ವೈದ್ಯರಿಗೆ ತಪ್ಪು ಮಾಹಿತಿ ನೀಡಿದ ಪ್ರಕರಣದಲ್ಲಿ ಪರ್ಡ್ಯೂ ಸಮೂಹದ ಕಂಪನಿಯು 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು, ಸುಮಾರು 60 ಕೋಟಿ ಡಾಲರ್ ತೆರಲು ಒಪ್ಪಿತು. ಎರಡೂ ಪ್ರಕರಣಗಳಲ್ಲಿ ವೈದ್ಯರು ತಮಗೆ ದೊರೆತ ಮಾಹಿತಿಯನ್ನು ನಂಬಿದ್ದರು. ವೈದ್ಯರನ್ನು ರೋಗಿಗಳು ನಂಬಿದ್ದರು.

7. ದೂರು ಸಲ್ಲಿಸುವ ಕ್ರಮ

(ಅ) ಕಂಪನಿಯ ವಿರುದ್ಧ: ಪ್ರತಿಯೊಂದು ಔಷಧ ತಯಾರಕರ ಸಂಘವು 3ರಿಂದ 5 ಸದಸ್ಯರ ನೀತಿ ಸಮಿತಿಯನ್ನು ರಚಿಸಬೇಕಾಗಿದೆ. ದೂರುದಾರರು ತಮ್ಮ ವಿವರ, ಆಪಾದಿತ ಕಂಪನಿ, ಘಟನೆಯ ದಿನಾಂಕ ಮತ್ತು ಲಭ್ಯವಿರುವ ಪುರಾವೆಗಳೊಂದಿಗೆ, ಹಿಂದಿರುಗಿಸಲಾಗದ ರೂ. 1,000/- ಶುಲ್ಕ ಪಾವತಿಸಿ ದೂರು ಸಲ್ಲಿಸಬಹುದು. ಸಮಿತಿಯು 90 ದಿನಗಳೊಳಗೆ ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದಲ್ಲಿ, 15 ದಿನಗಳೊಳಗೆ ಔಷಧ ಇಲಾಖೆಯ ಕಾರ್ಯದರ್ಶಿಯವರ ಅಧ್ಯಕ್ಷತೆಯ ಅಪೆಕ್ಸ್ ಸಮಿತಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಸಂಘದಿಂದ ಅಮಾನತು ಅಥವಾ ಉಚ್ಚಾಟನೆ, ವಾಗ್ದಂಡನೆ, ತಿದ್ದುಪಡಿ ಹೇಳಿಕೆಯ ಪ್ರಕಟಣೆ ಮುಂತಾದವು ವಿಧಿಸಬಹುದಾದ ಕ್ರಮಗಳು.

(ಆ) ವೈದ್ಯರ ವಿರುದ್ಧ: ಕರ್ನಾಟಕದಲ್ಲಿ ನೋಂದಾಯಿತರಾದ ವೈದ್ಯರಿಗೆ ಸಂಬಂಧಿಸಿದ ದೂರುಗಳನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಸಲ್ಲಿಸಬಹುದಾಗಿದೆ.

(ಇ) ಉಚಿತ ಮಾದರಿಯನ್ನು ಮಾರಾಟ ಮಾಡಿದಲ್ಲಿ: ಪೊಟ್ಟಣ ಮತ್ತು ಬಿಲ್ಲನ್ನು ಕಾಯ್ದಿರಿಸಿಕೊಂಡು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳ ಗಮನಕ್ಕೆ ತರತಕ್ಕದ್ದು.

8. ಸಾರಾಂಶ

ಪಡೆಯುವವರಿಗೆ 2009ರಿಂದ ನಿಷೇಧವಿದ್ದರೂ, ಕೊಡುವವರಿಗೆ ಬಹುಕಾಲ ಐಚ್ಛಿಕ ಸಂಹಿತೆ ಮಾತ್ರವಿತ್ತು. 2022ರ ತೀರ್ಪು ತೆರಿಗೆಯ ಮಟ್ಟಿಗೆ ಈ ಅಂತರವನ್ನು ಮುಚ್ಚಿತು. 2024ರ ಸಂಹಿತೆಯು ಪ್ರತಿ ಕಂಪನಿಯ ಮುಖ್ಯಾಧಿಕಾರಿಯು ಆರ್ಥಿಕ ವರ್ಷದ ಅಂತ್ಯದಿಂದ 2 ತಿಂಗಳೊಳಗೆ ಪಾಲನೆಯ ಸ್ವಯಂ ಘೋಷಣೆ ಸಲ್ಲಿಸಬೇಕೆಂದು ವಿಧಿಸಿದೆ. ಘೋಷಣೆಯು ಎಷ್ಟರ ಮಟ್ಟಿಗೆ ನಿಜವೆಂಬುದು, ಅದರ ಹಿಂದಿರುವ ಬಿಲ್ಲು, ಪಾವತಿ ಚೀಟಿ ಮತ್ತು ಮಾದರಿ ವಿತರಣಾ ದಾಖಲೆಗಳನ್ನು ಯಾರಾದರೂ ಪರಿಶೀಲಿಸುವುದನ್ನು ಅವಲಂಬಿಸಿದೆ.

ಸಾರ್ವಜನಿಕರು ತಮ್ಮ ಚೀಟಿಯಲ್ಲಿ ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ ಬರೆಯುವಂತೆ ವೈದ್ಯರನ್ನು ವಿನಂತಿಸಬಹುದು. 2002ರ ವಿನಿಯಮಗಳಲ್ಲಿ ಇದಕ್ಕೆ ಅವಕಾಶ ಕಲ್ಪಿಸಲಾಗಿದೆ. ವೈದ್ಯರ ಸಲಹೆ ಇಲ್ಲದೆ ಔಷಧವನ್ನು ನಿಲ್ಲಿಸುವುದಾಗಲಿ ಬದಲಿಸುವುದಾಗಲಿ ಸಲ್ಲದು. ಬಹುಪಾಲು ವೈದ್ಯರ ವಿಶ್ವಾಸಾರ್ಹತೆಯನ್ನು ಕಾಪಾಡುವ ಸಲುವಾಗಿಯೇ ಈ ನಿಯಮಗಳು ಇವೆ ಎಂಬುದನ್ನು ಮರೆಯಬಾರದು.

ಸೂಚನೆ: ಈ ವಿವರಗಳು ಸಾರ್ವಜನಿಕ ಮಾಹಿತಿಗಾಗಿ ಮಾತ್ರ. ಯಾವುದೇ ವ್ಯತ್ಯಾಸ ಕಂಡುಬಂದಲ್ಲಿ ಮೂಲ ಕಾಯ್ದೆ, ವಿನಿಯಮ ಮತ್ತು ಅಧಿಸೂಚನೆಗಳೇ ಅಂತಿಮವಾಗಿರುತ್ತವೆ.